ಮುರಿಗೆಪ್ಪನ ಆನೆಗೆ ಹೆಸರು ಹಚ್ಚಿದ್ದು

ಲಂಡನ್ನಿನ ಎಜ್‌ವೇರ್‌ನ ಮುರಿಗೆಪ್ಪ ತನ್ನನ್ನು ವ್ಯಂಗ್ಯಚಿತ್ರಕಾರ ಎಂದು ಹೇಳಿಕೊಳ್ಳುತ್ತಿದ್ದ. ಯುಗಾದಿಗೊಮ್ಮೆ, ಗಣೇಶನ ಹಬ್ಬಕ್ಕೊಮ್ಮೆ ನಾಲ್ಕು ಹಾಳೆ ಪಿನ್ನು ಹೊಡೆದು ಹಂಚುತ್ತಿದ್ದ ಕನ್ನಡ ಸಂಘದ ಪತ್ರಿಕೆಯೂ ಅವನನ್ನು ಹಾಗೆಯೇ ಕರೆಯುತ್ತಿತ್ತು. ನಂಬದವಳು ಅವನ ಹೆಂಡತಿ ಚಂದ್ರವ್ವ ಒಬ್ಬಳೇ. ಯಾಕೆಂದರೆ ಆ ಕಲೆ ಹುಟ್ಟುತ್ತಿದ್ದದ್ದು ಅವಳ ಅಡುಗೆಮನೆಯ ಕಿಟಕಿಯಲ್ಲಿ.

ನಿಜ ಹೇಳಬೇಕೆಂದರೆ ಮುರಿಗೆಪ್ಪನಿಗೆ ಚಿತ್ರ ಬರುತ್ತಿರಲಿಲ್ಲ. ಕುದುರೆ ಬರೆದರೆ ಕಾಲು ಸಡಿಲಾದ ಹೊರಸಿನ ಹಾಗೆ ಕಾಣುತ್ತಿತ್ತು. ಮನುಷ್ಯರನ್ನು ಬರೆದರೆ ಎಲ್ಲರೂ ಒಂದೇ ತಾಯಿಯ ಮಕ್ಕಳು, ಅದೂ ಜ್ವರ ಬಂದು ಮಲಗಿ ಎದ್ದವರು. ಅವನ ಹತ್ತಿರ ಇದ್ದದ್ದು ಒಂದು ಪುಸ್ತಕ. ತೊಂಬತ್ತಾರರಲ್ಲಿ ಮನೆ ಹತ್ತಿರದ ಗ್ರಂಥಾಲಯ ತನಗೆ ಬೇಡವಾದ ಪುಸ್ತಕಗಳನ್ನು ಬಾಗಿಲ ಬಳಿ ಮೇಜಿನ ಮೇಲೆ ಗುಡ್ಡೆ ಹಾಕಿತ್ತು. ಆ ಗುಡ್ಡೆಯ ತಳದಲ್ಲಿ ಸಿಕ್ಕಿದ್ದು ಅದು: ಇಪ್ಪತ್ತನೇ ಶತಮಾನದ ಮೊದಲ ಹನ್ನೆರಡು ವರ್ಷಗಳ ಅಮೆರಿಕದ ಚುನಾವಣಾ ವ್ಯಂಗ್ಯಚಿತ್ರಗಳು, ಇಟ್ಟಿಗೆಯಷ್ಟು ದಪ್ಪ. ಎರಡು ದಶಕದಿಂದ ಯಾರೂ ಎರವಲು ಒಯ್ದಿರಲಿಲ್ಲ ಎಂದು ಅದರ ಹಿಂಬದಿಯ ಮುದ್ರೆ ಹೇಳುತ್ತಿತ್ತು. ಇಡೀ ಲಂಡನ್ನಿಗೆ ಬೇಡವಾದದ್ದು ತನಗೇ ಕಾದು ಕೂತಿತ್ತು ಎಂದು ಮುರಿಗೆಪ್ಪ ಹಿಗ್ಗಿದ. ಅದೊಂದು ಎಚ್ಚರಿಕೆಯೂ ಆಗಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಬೆಳಕು ಚೆನ್ನಾಗಿದ್ದರೆ ಪುಸ್ತಕದ ಹಾಳೆಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಮೇಲೆ ಬಿಳಿ ಕಾಗದ ಇಟ್ಟು, ಗೆರೆಯ ಮೇಲೆ ಗೆರೆ ಎಳೆಯುತ್ತಿದ್ದ. ಮೀಸೆ ಬದಲಿಸಿ, ಟೋಪಿ ತೆಗೆದು, ಕೋಟಿನ ಜಾಗಕ್ಕೆ ಜುಬ್ಬ ತೊಡಿಸಿದರೆ ಅಮೆರಿಕದ ಸೆನೆಟರ್ ಸಂಘದ ಖಜಾಂಚಿಯಾಗುತ್ತಿದ್ದ.

"ಒಗ್ಗರಣಿ ಹಾಕೋದೈತಿ, ನಿಮ್ಮ ಅಮೆರಿಕಾನ ಒಂದೀಟ ಆ ಕಡೆ ಸರಸ್ರಿ" ಎನ್ನುತ್ತಿದ್ದಳು ಚಂದ್ರವ್ವ.

ವಾರದ ಉಳಿದ ದಿನ ಅವನು ಪಾರ್ಕ್ ರಾಯಲ್‌ನ ಒಂದು ಆಹಾರ ಕಾರ್ಖಾನೆಯಲ್ಲಿ ಲೇಬಲ್ ತಪಾಸಣೆ ಮಾಡುತ್ತಿದ್ದ. ಬೆಲ್ಟಿನ ಮೇಲೆ ಸಾಗುವ ಊಟದ ಡಬ್ಬಿಗಳ ಮೇಲೆ ಒಳಗೆ ಏನಿದೆ ಎಂದು ಸರಿಯಾಗಿ ಬರೆದಿದೆಯೇ ನೋಡುವುದು ಅವನ ಕೆಲಸ. ಗೋಡಂಬಿ ಮೈಗೆ ಒಗ್ಗದವರಿಗೆ ಅದರ ಒಂದು ಚೂರೂ ಜೀವಕ್ಕೆ ಕುತ್ತು. ಗೋಡಂಬಿ ಇದ್ದೂ ಗೋಡಂಬಿ ಇದೆ ಎಂದು ಬರೆಯದ ಒಂದೇ ಒಂದು ಡಬ್ಬಿ ಕಂಡರೂ ಕೆಂಪು ಗುಂಡಿ ಒತ್ತಿ ಇಡೀ ಬೆಲ್ಟನ್ನು ನಿಲ್ಲಿಸುತ್ತಿದ್ದ. ಆ ವಿಷಯದಲ್ಲಿ ಅವನಷ್ಟು ನಿಷ್ಠುರ ಮನುಷ್ಯ ಆ ಕಟ್ಟಡದಲ್ಲಿ ಇನ್ನೊಬ್ಬನಿರಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಅವನ ಮಾನ ಹೋಗುವುದು ಇದರಿಂದಲೇ.

ಎರಡು ಸಾವಿರದ ಎರಡರ ಯುಗಾದಿ ಊಟಕ್ಕೆ ಸಂಘವು ಶಾಲೆಯೊಂದರ ಸಭಾಂಗಣ ಹಿಡಿದಿತ್ತು. ಅಡುಗೆಗೆ ಟೂಟಿಂಗ್‌ನ ಹೋಟೆಲೊಂದರಿಂದ ಕುಂದಾಪುರ ಕಡೆಯ ಕರುಣಾಕರ ಮತ್ತು ಅವನ ಜೊತೆಯವರು ಬಂದಿದ್ದರು. ಹೋಳಿಗೆಯಿಂದ ಹಿಡಿದು ಪಾನಕದವರೆಗೆ ಎಲ್ಲ ಅವರದೇ. ಉಂಡವರು ಕನ್ನಡ ಸಂಸ್ಕೃತಿಯ ಬಗ್ಗೆ ಭಾಷಣ ಮಾಡುತ್ತಿದ್ದಾಗ ಬೇಯಿಸಿದವರು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಉಳಿದ ಸಾರು ಕಲಸಿ ಉಣ್ಣುತ್ತಿದ್ದರು. ಅವರು ಸಂಘದ ಸದಸ್ಯರಲ್ಲ. ಸದಸ್ಯರಾಗಲು ಮನೆ ನಿಮ್ಮ ಹೆಸರಿನಲ್ಲಿದೆ ಎಂಬುದಕ್ಕೆ ನಗರಸಭೆಯ, ಅಂದರೆ ಕೌನ್ಸಿಲ್‌ನ ಕಾಗದ ಬೇಕು. ಹೋಟೆಲಿನ ಮೇಲಿನ ಕೋಣೆಯಲ್ಲಿ ಮಾಲೀಕನ ಹೆಸರಿನಡಿ ಮಲಗುವವನಿಗೆ ಆ ಕಾಗದವನ್ನು ಯಾರು ಕೊಡುತ್ತಾರೆ? ನಿಯಮ ಅಡುಗೆಯವರನ್ನು ಹೊರಗಿಡಲಿಕ್ಕಲ್ಲ, ಜನ ಹೆಚ್ಚಾಗದಿರಲಿ ಎಂದು ಮಾಡಿದ್ದು, ಎಂದು ಎಲ್ಲರೂ ಹೇಳುತ್ತಿದ್ದರು. ಹೊರಗಿಡುವ ನಿಯಮಗಳೆಲ್ಲ ಹೀಗೆಯೇ ಮುಗ್ಧವಾಗಿ ಹುಟ್ಟುತ್ತವೆ.

ಆ ದಿನ ಕೈ ತೊಳೆಯಲು ಹಿಂದಕ್ಕೆ ಹೋದ ಮುರಿಗೆಪ್ಪನನ್ನು ಕರುಣಾಕರ ನಿಲ್ಲಿಸಿದ. ಪತ್ರಿಕೆಯಲ್ಲಿ ಚಿತ್ರ ಬರೆಯುವವರು ನೀವೇ ಅಲ್ಲವಾ ಎಂದು ಕೇಳಿದ. ಅವನ ಮಗಳು ಸೃಷ್ಟಿಗೆ ಆಗ ಹತ್ತೋ ಹನ್ನೊಂದೋ. ಹಾಡು ಚೆನ್ನಾಗಿ ಹೇಳುತ್ತಿದ್ದಳು. ಹಿಂದಿನ ರಾಜ್ಯೋತ್ಸವದಲ್ಲಿ ಹಾಡಲು ಹೆಸರು ಕೊಟ್ಟಿದ್ದಕ್ಕೆ, ವೇದಿಕೆ ಸದಸ್ಯರ ಮಕ್ಕಳಿಗೆ ಮಾತ್ರ ಎಂದು ವಾಪಸು ಕಳಿಸಿದ್ದರಂತೆ.

"ಊಟ ಮೆಟ್ಟಿಲ ಮೇಲಾದ್ರೂ ಇಳಿತದೆ ಮಾರಾಯ್ರೇ, ನಮಗೆ ಅಭ್ಯಾಸ ಉಂಟು" ಎಂದ ಕರುಣಾಕರ. "ಆ ಹುಡುಗಿ ಈ ವರ್ಷವೂ ಕಲಿತಾ ಇದ್ದಾಳೆ. ನವೆಂಬರಿಗೆ ಏನು ಹೇಳುದು ಅವಳಿಗೆ?"

ಮುರಿಗೆಪ್ಪನ ರಕ್ತ ಕುದಿಯಿತು. ಸುಮ್ಮನೆ ಕುದಿಯಲಿಲ್ಲ, ಎಲ್ಲರಿಗೂ ಕೇಳುವಂತೆ ಕುದಿಯಿತು. ಟ್ಯೂಬ್ ರೈಲಿನಲ್ಲಿ ಎಜ್‌ವೇರ್ ಮುಟ್ಟುವವರೆಗೂ ಹೆಂಡತಿಯ ಎದುರು ಇಡೀ ಸಂಘವನ್ನು ಉಳುಮೆ ಮಾಡಿದ. ಈ ಸಲ ಗಣೇಶನ ಹಬ್ಬದ ಸಂಚಿಕೆಯಲ್ಲಿ ತಾನು ಬರೆಯುವ ಚಿತ್ರ ಕಂಡು ಅಧ್ಯಕ್ಷರು ತಲೆ ಎತ್ತಬಾರದು, ನವೆಂಬರಿಗೆ ಆ ನಿಯಮ ಇರಬಾರದು.

ಚಿತ್ರವೂ ಪುಸ್ತಕದಲ್ಲಿ ಸಿದ್ಧವಾಗಿತ್ತು. ಸಾವಿರದ ಒಂಬೈನೂರ ಹನ್ನೆರಡರ ಕತೆ. ಅಧ್ಯಕ್ಷಗಿರಿ ಮುಗಿಸಿದ ರೂಸ್‌ವೆಲ್ಟ್ ತನ್ನ ಸ್ನೇಹಿತ ಟಾಫ್ಟ್‌ನನ್ನು ಕುರ್ಚಿಯಲ್ಲಿ ಕೂರಿಸಿ ಆಫ್ರಿಕಾಕ್ಕೆ ಬೇಟೆಗೆ ಹೋದ. ತಿರುಗಿ ಬಂದ ಮೇಲೆ ಕುರ್ಚಿಯ ಆಸೆ ಮತ್ತೆ ಹುಟ್ಟಿತು. ಟಾಫ್ಟ್ ಏಳಲಿಲ್ಲ. ಆತ ಎದ್ದೇಳುವ ಗಾತ್ರದವನೂ ಅಲ್ಲ. ಇಬ್ಬರೂ ಕಾದಾಡಿದರು. ಸಂಘದಲ್ಲಿಯೂ ಹಾಗೆಯೇ ನಡೆದಿತ್ತು. ಹಿಂದಿನ ಅಧ್ಯಕ್ಷರು ಡಾಕ್ಟರ್ ಶಿವಪ್ರಕಾಶ. ರೂಸ್‌ವೆಲ್ಟನದೇ ದೊಡ್ಡ ಹಲ್ಲು, ಕನ್ನಡಕ, ಮೀಸೆ. ತಮ್ಮ ಗೆಳೆಯ ತಿರುಮಲೇಶರನ್ನು ಕೂರಿಸಿ ಒಂದು ವರ್ಷ ನೈರೋಬಿಯ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದರು. ಬಂದ ಮೇಲೆ ಕುರ್ಚಿ ಕೇಳಿದರೆ, ಬೆಂಗಳೂರಿನ ಲೆಕ್ಕಪರಿಶೋಧಕರಾದ ತಿರುಮಲೇಶರು ಮೈಯಲ್ಲೂ ಮನಸ್ಸಲ್ಲೂ ಟಾಫ್ಟ್ ಆಗಿಬಿಟ್ಟಿದ್ದರು. ಚರಿತ್ರೆ ತೊಂಬತ್ತು ವರ್ಷ ನಡೆದು ತನ್ನ ಕಿಟಕಿಗೇ ಬಂದಿದೆ ಎಂದು ಮುರಿಗೆಪ್ಪನಿಗೆ ಅನ್ನಿಸಿತು.

ಮೂಲಚಿತ್ರದಲ್ಲಿ ದಪ್ಪ ಟಾಫ್ಟ್ ತನ್ನ ಪಕ್ಷದ ಗುರುತಾದ ಆನೆಯ ಮೇಲೆ ಕೂತಿದ್ದ. ಆನೆಯ ಕಾಲಡಿ ಒಬ್ಬ ಬಡ ಮತದಾರ ಸಿಕ್ಕಿಕೊಂಡಿದ್ದ. ಎದುರಿನಿಂದ ರೂಸ್‌ವೆಲ್ಟ್ ದೊಣ್ಣೆ ಹಿಡಿದು, ತನ್ನ ಹೊಸ ಪಕ್ಷದ ಗುರುತಾದ ಮೂಸ್ ಎಂಬ ದೊಡ್ಡ ಕೊಂಬಿನ ಕಾಡುಪ್ರಾಣಿಯನ್ನು ಏರಿ ಬರುತ್ತಿದ್ದ. ಮುರಿಗೆಪ್ಪ ಆನೆಯ ಮೇಲೆ ತಿರುಮಲೇಶರನ್ನು ಕೂರಿಸಿದ. ಕಾಲಡಿ ಸೌಟು ಹಿಡಿದ ಕರುಣಾಕರನನ್ನೂ ಅವನ ಜೊತೆಯವರನ್ನೂ ಹಾಕಿದ. ಮೂಸ್ ಅಂದರೆ ನಮ್ಮವರಿಗೆ ಗೊತ್ತಾಗುವುದಿಲ್ಲ ಎಂದು ಅದನ್ನು ಕೋಣ ಮಾಡಿ, ಮೇಲೆ ಡಾಕ್ಟರನ್ನು ಕೂರಿಸಿದ.

ಒಂದನ್ನು ಮಾತ್ರ ಬಿಟ್ಟ. ಆ ಕಾಲದ ಅಮೆರಿಕದ ಚಿತ್ರಕಾರರು ಓದುಗನ ಬುದ್ಧಿಯನ್ನು ನಂಬುತ್ತಿರಲಿಲ್ಲ. ಕಂಡದ್ದಕ್ಕೆಲ್ಲ ಹೆಸರು ಬರೆಯುತ್ತಿದ್ದರು. ಆನೆಯ ಹೊಟ್ಟೆಯ ಮೇಲೆ ಪಕ್ಷದ ಹೆಸರು, ಕಾಲಡಿ ಬಿದ್ದವನ ಅಂಗಿಯ ಮೇಲೆ 'ಮತದಾರ', ಮೂಲೆಯ ಚೀಲದ ಮೇಲೆ 'ಕಂಪನಿಗಳ ದುಡ್ಡು'. ಮುರಿಗೆಪ್ಪ ಆ ಜಾಗಗಳನ್ನೆಲ್ಲ ಖಾಲಿ ಬಿಟ್ಟ. ನಮ್ಮ ಓದುಗರು ಜಾಣರು, ಬಿಡಿಸಿ ಹೇಳಿದರೆ ಕಲೆ ಕೆಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಒಳಗಿನ ಸಂಗತಿ ಬೇರೆ ಇತ್ತು. ಹೆಸರು ಬರೆಯದಿದ್ದರೆ ನಾಳೆ ಯಾರಾದರೂ ಎದುರು ನಿಂತು ಕೇಳಿದಾಗ, ಇದು ನೀವಲ್ಲ ಸಾರ್, ಸುಮ್ಮನೆ ಒಂದು ಆನೆ, ಎನ್ನಬಹುದಿತ್ತು. ಅವನ ಧೈರ್ಯ ಬಾಗಿಲು ತೆರೆದಿಟ್ಟುಕೊಂಡೇ ಒಳಗೆ ಹೋಗುವಂಥದು.

ಗಣೇಶನ ಹಬ್ಬದ ದಿನ ಪತ್ರಿಕೆ ಹಂಚಿದರು. ಮುರಿಗೆಪ್ಪ ಹಿಂದಿನ ಸಾಲಿನಲ್ಲಿ, ಬೇಕಾದರೆ ಬೇಗ ಹೊರಡಲು ಅನುಕೂಲವಾಗುವಂತೆ ಬಾಗಿಲ ಪಕ್ಕ ಕೂತ.

ಗಣೇಶನ ಸಂಚಿಕೆಯಲ್ಲಿ ಆನೆ ಬಂದರೆ ಕನ್ನಡದವರು ಏನು ಮಾಡುತ್ತಾರೆ? ಕಣ್ಣಿಗೊತ್ತಿಕೊಂಡರು. ಕೆಲವರಿಗೆ ಅದು ದಸರೆಯ ಆನೆಯಾಯಿತು, ಮೇಲೆ ಕೂತವರು ಅಂಬಾರಿ ಏರಿದ ಹಾಗಾಯಿತು. ಅಧ್ಯಕ್ಷರು ತಾವೇ ನಡೆದು ಬಂದು ಮುರಿಗೆಪ್ಪನ ಎರಡೂ ಕೈ ಹಿಡಿದುಕೊಂಡರು.

"ಏನ್ ಸಾರ್ ಇದು, ನಂಗೆ ಮಾತೇ ಹೊರಡ್ತಿಲ್ಲ. ನಾನೇನ್ ಅಷ್ಟು ದೊಡ್ಡೋನಲ್ಲ, ಆದ್ರೂ ನಿಮ್ ಅಭಿಮಾನ."

ಮಾತು ಹೊರಡದ ಅಧ್ಯಕ್ಷರು ವೇದಿಕೆ ಏರಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಮುರಿಗೆಪ್ಪನನ್ನು ಕರೆದು ಶಾಲು ಹೊದಿಸಿದರು. ಇದೇ ಚಿತ್ರವನ್ನು ದೊಡ್ಡ ಬಟ್ಟೆಯ ಮೇಲೆ ಬರೆದು ರಾಜ್ಯೋತ್ಸವಕ್ಕೆ ವೇದಿಕೆಯ ಹಿಂದೆ ಇಳಿಬಿಡಬೇಕು ಎಂದು ಘೋಷಿಸಿದರು.

ಡಾಕ್ಟರ್ ಶಿವಪ್ರಕಾಶರಿಗೆ ಮಾತ್ರ ಸಿಟ್ಟು ಬಂತು. ಆದರೆ ಅದೂ ಬೇರೆಯ ಸಿಟ್ಟೇ. ಕೋಣದ ಮೇಲೆ ದೊಣ್ಣೆ ಹಿಡಿದು ಕೂತ ಡಾಕ್ಟರು ಯಾರ ಕಣ್ಣಿಗೂ ರೂಸ್‌ವೆಲ್ಟ್ ಆಗಿ ಕಾಣಲಿಲ್ಲ, ಯಮನಾಗಿ ಕಂಡರು. ಕಾಯಿಲೆಯವರು ಈ ಯಮನ ಹತ್ತಿರ ಹೋಗುವುದಕ್ಕಿಂತ ಬೇರೆ ಜಿಪಿ ಡಾಕ್ಟರನ್ನು ಹುಡುಕುವುದು ವಾಸಿ ಎಂದು ಯಾರೋ ನಕ್ಕರು. ಚಿಕ್ಕ ಹುಡುಗರು ಅವರನ್ನು ಕಂಡೊಡನೆ ಕೊರಳ ಸುತ್ತ ಹಗ್ಗ ಎಳೆದಂತೆ ಅಭಿನಯಿಸಿದರು. ಸಭೆಯಲ್ಲಿ ಅಂದು ನಡೆದ ಚರ್ಚೆಯೆಲ್ಲ ಒಂದೇ: ಗೌರವಸ್ಥ ವೈದ್ಯರನ್ನು ಯಮ ಮಾಡಿದ್ದು ಸರಿಯೇ? ಸದಸ್ಯತ್ವದ ನಿಯಮದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಹೆಗಲ ಮೇಲೆ ಶಾಲು ಹೊತ್ತು ನಿಂತಿದ್ದ ಮುರಿಗೆಪ್ಪನೂ ಬಿಡಲಿಲ್ಲ. ಬಾಯಿ ತೆರೆದಿದ್ದನೇನೋ ನಿಜ. ಅಷ್ಟರಲ್ಲಿ ಫೋಟೋ ತೆಗೆಯುವವನು ನಗಿ ಎಂದ, ನಕ್ಕ.

ಹೊರಡುವಾಗ ಅಡುಗೆ ಕೋಣೆಯಿಂದ ಊಟ ದಾಟಿಸುವ ಕಿಂಡಿಯಲ್ಲಿ ಕರುಣಾಕರ ಕಂಡ. ಕೈಯಲ್ಲಿ ಪತ್ರಿಕೆ ಇತ್ತು.

"ನಮ್ಮನ್ನೂ ಹಾಕಿದ್ದೀರಿ ಅಂತ ಹೇಳಿದ್ರು, ಎಲ್ಲಿ ಅಂತ ಹುಡುಕಿದೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆನೆಗೆ ಬೆಲ್ಲ ತಿನ್ನಿಸುವವರು ನಾವಾ?"

ಮುರಿಗೆಪ್ಪ ಶಾಲಿನ ಅಂಚು ಹಿಡಿದುಕೊಂಡು ನಿಂತ.

"ಮಗಳು ಮಾತ್ರ ಕೇಳ್ತಾಳೆ, ಅಪ್ಪ ಅಷ್ಟು ಹತ್ತಿರ ಯಾಕೆ ನಿಂತಿದ್ದಿ, ಅದು ತುಳಿಯುದಿಲ್ವಾ ಅಂತ. ಮಕ್ಕಳಿಗೆ ಎಂತ ಗೊತ್ತಾಗ್ತದೆ ಬಿಡಿ."

ಮನೆಗೆ ಬಂದಾಗ ಚಂದ್ರವ್ವ ಶಾಲನ್ನು ಬೆಳಕಿಗೆ ಹಿಡಿದು ನೋಡಿದಳು. ಜರಿ ಒಳ್ಳೆಯದೇ ಇತ್ತು.

"ಭಾಳ ಚಂದ ಐತಿ. ಯಾರನ್ನ ಬೈದಿದ್ದಕ್ಕ ಕೊಟ್ರು ಇದನ್ನ?"

ಮುರಿಗೆಪ್ಪನಿಗೆ ಆ ವಾರ ಊಟ ಸೇರಲಿಲ್ಲ. ಸುಳ್ಳು, ಊಟ ಸೇರಿತು, ಎರಡು ರೊಟ್ಟಿ ಹೆಚ್ಚೇ ಸೇರಿತು. ಆದರೆ ಉಂಡ ಮೇಲೆ ಹುಳಿತೇಗು ಬರುತ್ತಿತ್ತು. ರಾಜ್ಯೋತ್ಸವದ ಪರದೆಗೆಂದು ಹಳೆಯ ಬಿಳಿ ಚಾದರಗಳನ್ನು ಸೇರಿಸಿ ಹೊಲಿಸಿದ. ಅಳತೆ ತಪ್ಪದಿರಲೆಂದು ಚೌಕ ಚೌಕ ಗೆರೆ ಎಳೆದುಕೊಂಡು, ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು, ಆನೆಯನ್ನು ದೊಡ್ಡದು ಮಾಡತೊಡಗಿದ. ಸೆಕೆಂಡರಿ ಶಾಲೆಗೆ ಹೋಗುತ್ತಿದ್ದ ಮಗಳು ಸ್ಫೂರ್ತಿ ಅವನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಬಣ್ಣದ ಡಬ್ಬಿ ಹಿಡಿದು ನಿಂತು ಒಮ್ಮೆ ಪುಸ್ತಕ ನೋಡಿದಳು, ಒಮ್ಮೆ ಚಾದರ ನೋಡಿದಳು.

"ಡ್ಯಾಡ್, ಯುವರ್ ಜಾಬ್ ಈಸ್ ಲೇಬಲ್ಸ್. ವೇರ್ ಆರ್ ದ ಲೇಬಲ್ಸ್?"

ಮುರಿಗೆಪ್ಪ ಕುಂಚ ಕೆಳಗಿಟ್ಟ. ಪಾರ್ಕ್ ರಾಯಲ್‌ನಲ್ಲಿ ಒಂದು ಡಬ್ಬಿ ಹೀಗೆ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದ. ಗುಂಡಿ ಒತ್ತುತ್ತಿದ್ದ. ಅಪರಿಚಿತರ ಹೊಟ್ಟೆಗೆ ಗೋಡಂಬಿ ಹೋಗದಂತೆ ನಿತ್ಯ ಕಾಯುವ ತಾನು, ಗೊತ್ತಿದ್ದವರ ಅವಮಾನವನ್ನು ಚೀಟಿ ಇಲ್ಲದೆ ಹಬ್ಬದೂಟವೆಂದು ಬಡಿಸಿಬಿಟ್ಟಿದ್ದ. ಆ ಅಮೆರಿಕದವರಿಗೆ ಓದುಗನ ಬುದ್ಧಿಯ ಮೇಲೆ ನಂಬಿಕೆ ಇರಲಿಲ್ಲ ಎಂದುಕೊಂಡಿದ್ದು ತನ್ನ ದಡ್ಡತನ. ಅವರಿಗೆ ನಂಬಿಕೆ ಇಲ್ಲದಿದ್ದದ್ದು ತಮ್ಮದೇ ಧೈರ್ಯದ ಮೇಲೆ. ಹೆಸರು ಬರೆದ ಮೇಲೆ ಜಾರಿಕೊಳ್ಳಲು ದಾರಿ ಇರುವುದಿಲ್ಲ.

ಮರುದಿನ ಕೆಲಸ ಮುಗಿಸಿ ನೇರ ಟೂಟಿಂಗ್‌ಗೆ ಹೋದ. ಮಧ್ಯಾಹ್ನದ ಗಿರಾಕಿ ಕಳೆದು ಸಂಜೆಯವರು ಇನ್ನೂ ಬಂದಿರಲಿಲ್ಲ. ಕರುಣಾಕರ ಇಡ್ಲಿ ಹಿಟ್ಟು ಮುಚ್ಚಿಡುತ್ತಿದ್ದ. ಮುರಿಗೆಪ್ಪ ಸುತ್ತುಬಳಸದೆ ಕೇಳಿದ: ಪರದೆಯ ಮೇಲೆ ಆನೆಗೆ ಹೆಸರು ಬರೆಯುತ್ತೇನೆ, ಕಾಲಡಿಯವರಿಗೂ ಬರೆಯಬೇಕು, ನಿನ್ನ ಮಗಳನ್ನೂ ಅಲ್ಲಿ ನಿಲ್ಲಿಸಿ ಅವಳ ಹೆಸರು ಬರೆಯಲೇ?

ಕರುಣಾಕರ ಕೈ ಒರೆಸಿಕೊಂಡು ಗಲ್ಲಾಪೆಟ್ಟಿಗೆಯ ಕಡೆ ನೋಡಿದ. ಅವನ ಮಾಲೀಕ ಅಧ್ಯಕ್ಷರಿಗೆ ಬೇಕಾದವನು. ಅದು ಇಬ್ಬರಿಗೂ ಗೊತ್ತಿತ್ತು.

"ನನ್ನ ಹೆಸರು ಹಾಕಿ" ಎಂದ ಕೊನೆಗೆ. "ಅವಳದ್ದು ಬೇಡ. ನಾಳೆ ಹಾಡ್ಲಿಕ್ಕೆ ಬಿಟ್ರೂ ಬಿಡದಿದ್ರೂ, ಅವಳು ಆನೆ ಕಾಲಡಿಯ ಹುಡುಗಿ ಅಂತ ಆಗುದು ಬೇಡ."

ತನ್ನ ಕೋಪದ ಅಂದಕ್ಕೆ ಇನ್ನೊಬ್ಬರ ಮಗುವನ್ನು ಆನೆಯ ಪಾದಕ್ಕೆ ತಳ್ಳಲು ಹೊರಟಿದ್ದೆನಲ್ಲ ಎಂದು ಮುರಿಗೆಪ್ಪನಿಗೆ ಅಲ್ಲೇ ನಾಚಿಕೆಯಾಯಿತು. ಕರುಣಾಕರ ಅವನಿಗೆ ಕಾಫಿ ಕೊಟ್ಟ. ಚೆನ್ನಾಗಿತ್ತು. ಅದರಿಂದ ನಾಚಿಕೆ ಇನ್ನಷ್ಟಾಯಿತು.

ರಾಜ್ಯೋತ್ಸವದ ದಿನ ಬೆಳಿಗ್ಗೆ ಮುಂದಿನ ತೆರೆ ಮುಚ್ಚಿದ್ದಾಗಲೇ ಪರದೆಯನ್ನು ತಾನೇ ಕಟ್ಟಿದ. ಆನೆಯ ಹೊಟ್ಟೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ 'ಸದಸ್ಯತ್ವದ ನಿಯಮ' ಎಂದಿತ್ತು. ಮೇಲೆ ಕೂತವರ ಎದೆಯ ಮೇಲೆ 'ಅಧ್ಯಕ್ಷರು'. ಕೋಣ ಏರಿದವರ ಕೆಳಗೆ 'ಡಾಕ್ಟರ್, ಕುರ್ಚಿ ಬೇಕಾದವರು, ಯಮ ಅಲ್ಲ'. ಕಾಲಡಿಯಲ್ಲಿ 'ಕರುಣಾಕರ ಮತ್ತು ಜೊತೆಯವರು: ಅಡುಗೆ ಇವರದು, ಊಟ ಮೆಟ್ಟಿಲ ಮೇಲೆ, ಮಕ್ಕಳಿಗೆ ವೇದಿಕೆ ಇಲ್ಲ'. ಇನ್ನೊಂದು ಆಕೃತಿಯನ್ನು ಹೊಸದಾಗಿ ಸೇರಿಸಿದ್ದ. ಆನೆಯ ಬಾಲದ ಮರೆಯಲ್ಲಿ ಪೆನ್ಸಿಲ್ ಹಿಡಿದು ಇಣುಕುವ ಒಬ್ಬ. ಯಾವ ಪುಸ್ತಕದಿಂದಲೂ ಇಳಿಸದೆ ತನ್ನ ಕೈಯಾರೆ ಬರೆದದ್ದು ಅದೊಂದೇ. ಆದ್ದರಿಂದ ಅವನು ಜ್ವರ ಬಂದವನಂತೆ ಕಾಣುತ್ತಿದ್ದ. ಅದರ ಕೆಳಗೆ 'ಮುರಿಗೆಪ್ಪ, ಶಾಲು ಹೊದ್ದವನು'.

ತೆರೆ ಸರಿಯಿತು. ಅಧ್ಯಕ್ಷರು ಆಗಲೇ ಸಭೆಗೆ ಮುಖ ಮಾಡಿ ಮೈಕಿನ ಮುಂದೆ ನಿಂತಿದ್ದರು. ಪರದೆ ಅವರ ಬೆನ್ನಿಗಿತ್ತು. ಕನ್ನಡಿಗರ ಹೃದಯವೈಶಾಲ್ಯದ ಬಗ್ಗೆ ಮೊದಲ ವಾಕ್ಯ ಹೇಳಿದರು. ಜನ ಓದತೊಡಗಿದ್ದರು, ಯಾರೋ ಕಿಸಕ್ಕೆಂದರು. ನಮ್ಮಲ್ಲಿ ಭೇದವಿಲ್ಲ ಎಂದರು, ನಗು ಎರಡು ಸಾಲು ದಾಟಿತು. ಇಷ್ಟು ಚೆನ್ನಾಗಿ ತಮ್ಮ ಮಾತು ಎಂದೂ ಹಿಡಿಸಿರಲಿಲ್ಲ ಎಂದು ಹುರುಪುಗೊಂಡ ಅಧ್ಯಕ್ಷರು ಭಾಷಣವನ್ನು ಉದ್ದ ಮಾಡಿದರು. ಅತಿಥಿ ದೇವೋ ಭವ ಎನ್ನುವ ಹೊತ್ತಿಗೆ ಡಾಕ್ಟರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಆಮೇಲೆ ನಗು ತಾನಾಗಿಯೇ ಇಳಿಯಿತು. ಕಾಲಡಿಯ ಅಕ್ಷರ ಚಿಕ್ಕವು, ಎಲ್ಲರಿಗೂ ಅಲ್ಲಿಗೆ ಮುಟ್ಟಲು ಸ್ವಲ್ಪ ಹೊತ್ತು ಬೇಕಾಯಿತು. ಮುಟ್ಟಿದವರು ತಿರುಗಿ ಅಡುಗೆಯ ಕಿಂಡಿಯ ಕಡೆ ನೋಡಿದರು. ಕರುಣಾಕರ ಅಲ್ಲೇ ನಿಂತಿದ್ದ, ಒಳಗೆ ಸರಿಯಲಿಲ್ಲ.

ಸಭೆ ಯಾಕೆ ಹೀಗೆ ತಣ್ಣಗಾಯಿತು ಎಂದು ಅಧ್ಯಕ್ಷರು ಹಿಂದೆ ತಿರುಗಿದರು. ತುಂಬ ನಿಧಾನವಾಗಿ ಓದಿದರು. ಕೂತರು.

ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು ಕಲಬುರಗಿಯ ರತ್ನವ್ವ. ಸಂಘದ ಊಟದಲ್ಲಿ ಬಡಿಸುವ ಉಸ್ತುವಾರಿ ಅವರದೇ, ಅಂದರೆ ಯಾರು ಎಲ್ಲಿ ಉಣ್ಣುತ್ತಾರೆ ಎಂದು ವರ್ಷಗಳಿಂದ ನೋಡಿ ನೋಡದಂತಿದ್ದವರು. ಮೈಕಿಗೆ ಬಂದರು, ಕೈಯಲ್ಲಿದ್ದ ಕಾಗದವನ್ನು ಒಮ್ಮೆ ನೋಡಿ ಮಡಚಿದರು.

"ಮೊದಲ ಹಾಡು" ಎಂದರು, ಅದೇ ಕಾಗದದಲ್ಲಿ ಬರೆದಿತ್ತೋ ಎಂಬಷ್ಟು ಸಹಜವಾಗಿ, "ಸೃಷ್ಟಿ ಕರುಣಾಕರ. ಬಾರವ್ವಾ, ಎಲ್ಲಿದ್ದಿ?"

ಹುಡುಗಿ ಅಡುಗೆಯ ಬಾಗಿಲಿನಿಂದ ಬಂದಳು. ಸ್ಫೂರ್ತಿ ಓಡಿಹೋಗಿ ಮೈಕಿನ ಕೋಲು ತಗ್ಗಿಸಿಕೊಟ್ಟಳು. ಸೃಷ್ಟಿ ನಿಂತದ್ದು ಸರಿಯಾಗಿ ಆನೆಯ ಕಾಲಿನ ಮುಂದೆ. ಅವಳ ಹಿಂದೆ ಅಪ್ಪನ ಹೆಸರು ಅರ್ಧ ಮುಚ್ಚಿತು. ಮೊದಲ ಸಾಲಿನಲ್ಲಿ ದನಿ ನಡುಗಿತು, ಆಮೇಲೆ ನಡುಗಲಿಲ್ಲ. ಹಾಡು ಮುಗಿಯುವವರೆಗೆ ಕರುಣಾಕರನ ಒಲೆಯ ಮೇಲೆ ಏನೋ ಸೀಯುತ್ತಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಆ ಸಂಜೆ ಮುರಿಗೆಪ್ಪನನ್ನು ಪತ್ರಿಕೆಯಿಂದ ತೆಗೆದರು. ಶಾಲು ವಾಪಸು ಕೇಳಲಿಲ್ಲ. ಕೇಳಿದ್ದರೂ ಚಂದ್ರವ್ವ ಅದನ್ನು ಆಗಲೇ ಸೋಫಾದ ಹರಿದ ಭಾಗಕ್ಕೆ ಹೊದಿಸಿದ್ದಳು. ಮುಂದಿನ ವಸಂತದಲ್ಲಿ ಸಂಘದ ಚುನಾವಣೆ ಬಂತು. ತಿರುಮಲೇಶರೂ ಡಾಕ್ಟರೂ ಒಬ್ಬರ ಮತ ಒಬ್ಬರು ಒಡೆದರು, ನಡುವೆ ರತ್ನವ್ವ ಗೆದ್ದುಬಿಟ್ಟರು. ಮುರಿಗೆಪ್ಪನಿಗೆ ಇದು ಆಶ್ಚರ್ಯ. ಹನ್ನೆರಡರಲ್ಲಿ ಟಾಫ್ಟ್, ರೂಸ್‌ವೆಲ್ಟ್ ಇಬ್ಬರೂ ಸೋತು ವಿಲ್ಸನ್ ಎಂಬ ಮೂರನೆಯವನು ಗೆದ್ದದ್ದು ಅದೇ ಪುಸ್ತಕದ ಮುಂದಿನ ಹಾಳೆಗಳಲ್ಲಿತ್ತು. ಆನೆ ಸಿಕ್ಕಿದ ಸಂಭ್ರಮದಲ್ಲಿ ಅವನು ಅಲ್ಲಿಯವರೆಗೆ ಹೋಗಿರಲಿಲ್ಲ.

ರತ್ನವ್ವ ಮೊದಲ ಸಭೆಯಲ್ಲೇ ಮನೆ ಕಾಗದದ ನಿಯಮ ತೆಗೆದರು. ಕಾರಣ ಹೇಳುವಾಗ ಚಿತ್ರದ ಹೆಸರೆತ್ತಲಿಲ್ಲ, ಸಮಿತಿಯ ಬಹುದಿನದ ಆಲೋಚನೆ ಎಂದರು. ಮುರಿಗೆಪ್ಪ ಹಲ್ಲು ಕಿಸಿಯುವ ಮೊದಲೇ ಅವನಿಗೊಂದು ಕೆಲಸ ಹಚ್ಚಿದರು.

"ಚಿತ್ರ ಸಾಕರೀ. ನಿಮಗ ಬರೂದು ಏನೈತಿ ಅದನ್ನ ಮಾಡ್ರಿ."

ಹಾಗಾಗಿ ಆ ಯುಗಾದಿಯಲ್ಲಿ ಮುರಿಗೆಪ್ಪ ಪಾತ್ರೆಗಳಿಗೆ ಚೀಟಿ ಅಂಟಿಸುತ್ತ ನಿಂತಿದ್ದ: ಇದರಲ್ಲಿ ಗೋಡಂಬಿ ಇದೆ, ಇದರಲ್ಲಿ ಇಲ್ಲ. ಅಡುಗೆಯವರು ಮೊದಲ ಪಂಕ್ತಿಯಲ್ಲೇ ಕೂತರು. ಮೊದಲು ಬಡಿಸಿಕೊಂಡು ಅಭ್ಯಾಸವಿಲ್ಲದ ಕರುಣಾಕರ ಎರಡು ಸಲ ಎದ್ದು ಸಾರಿನ ಸೌಟು ಹಿಡಿಯಲು ಹೋದ. ಎರಡು ಸಲವೂ ಮುರಿಗೆಪ್ಪ ಅವನ ಭುಜ ಒತ್ತಿ ಕೂರಿಸಿದ.

ಊಟವಾದ ಮೇಲೆ ಸೃಷ್ಟಿ ಒಂದು ಹಾಳೆ ಹಿಡಿದು ಬಂದಳು. "ಅಂಕಲ್, ನನ್ನ ಚಿತ್ರ ಬರೀರಿ. ಆನೆ ಬೇಡ" ಎಂದಳು.

ಎದುರಿಗೆ ಪುಸ್ತಕವಿರಲಿಲ್ಲ, ಕಿಟಕಿಯಿರಲಿಲ್ಲ. ಮುರಿಗೆಪ್ಪ ಚೀಟಿ ಬರೆಯುವ ಪೆನ್ನಿನಲ್ಲೇ ಬರೆದ. ಮೂಗು ಒಂದು ಕಡೆ ಹೋಯಿತು, ಎರಡು ಜಡೆ ಎರಡು ಅಳತೆಯಾದವು, ಹುಡುಗಿ ಜ್ವರ ಬಂದು ಎದ್ದವಳಂತೆ ಕಂಡಳು. ಸೃಷ್ಟಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಯಾರು ಎಂದು ಕೇಳಿದಳು.

ಮುರಿಗೆಪ್ಪ ಹಾಳೆ ಇಸಿದುಕೊಂಡು ಕೆಳಗೆ ಅವಳ ಹೆಸರು ಬರೆದ.